ಹಣ್ಣಿಲ್ಲದ ಬೀಜಗಳು: ಅನಾವೃತ ಬೀಜ ಸಸ್ಯಗಳ ಲೋಕ

ಕರಾವಳಿಯ ಮರಳು ದಂಡೆಯಲ್ಲಿ, ಬಯಲುಸೀಮೆಯ ನೆಡುತೋಪುಗಳಲ್ಲಿ ಗಾಳಿಮರವನ್ನು ನೀವು ನೋಡಿಯೇ ಇರುತ್ತೀರಿ. ಕೆಲವೆಡೆ ಇದನ್ನು ಸರ್ವೆ ಮರ ಎನ್ನುತ್ತಾರೆ. ಸೂಜಿಯಂತಹ ಹಸಿರು ಎಲೆಗಳು, ನೆಟ್ಟಗಿನ ಕಾಂಡ, ಗಾಳಿ ಬೀಸಿದಾಗ ಸುಯ್ಯೆನ್ನುವ ಸದ್ದು, ಮರದಡಿ ಉದುರಿದ ಪುಟ್ಟ ಪುಟ್ಟ ಮರಗಟ್ಟಿದ ಕಾಯಿಗಳು. ಇದು ಪೈನ್ ಮರದ ಹತ್ತಿರದ ನೆಂಟ ಎಂದು ಹಲವರು ಭಾವಿಸುತ್ತಾರೆ. ಆದರೆ ಅದು ನಿಜವಲ್ಲ. ಅದರ ಒಂದು 'ಸೂಜಿ'ಯನ್ನು ಎರಡೂ ತುದಿ ಹಿಡಿದು ಎಳೆದು ನೋಡಿ. ಅದು ಗೆಣ್ಣಿನಲ್ಲಿ ಕಳಚಿಕೊಳ್ಳುತ್ತದೆ. ಏಕೆಂದರೆ ಅದು ಎಲೆಯಲ್ಲ, ಹಸಿರು ಬಣ್ಣದ ಕಿರುರೆಂಬೆ. ನಿಜವಾದ ಎಲೆಗಳು ಪ್ರತಿ ಗೆಣ್ಣಿನ ಸುತ್ತ ಸಣ್ಣ ಹಲ್ಲುಗಳಂತೆ ಅಂಟಿಕೊಂಡಿರುತ್ತವೆ. ಇನ್ನು ಆ ಮರಗಟ್ಟಿದ ಕಾಯಿ ಹಲವು ಹೂಗಳಿಂದಾದ ಹಣ್ಣುಗಳ ಗೊಂಚಲು. ಗಾಳಿಮರ ಹೂ ಬಿಡುವ ಸಸ್ಯ. ಮಾವು, ಹಲಸು, ಹುಲ್ಲುಗಳ ಬಳಗಕ್ಕೆ ಸೇರಿದ್ದು.

ಹಾಗಾದರೆ ಪೈನ್, ದೇವದಾರು, ಸೈಕಸ್‌ಗಳು ಬೇರೆಯಾಗುವುದು ಎಲ್ಲಿ? ಎಲೆಯ ಆಕಾರದಲ್ಲಿ ಅಲ್ಲ, ಶಂಕುವಿನ ಆಕಾರದಲ್ಲೂ ಅಲ್ಲ. ಬೀಜ ಹುಟ್ಟುವ ಬಗೆಯಲ್ಲಿ.

ಬೀಜ 'ಬೆತ್ತಲೆ' ಎಂದರೇನು?

ಒಂದು ಅವರೆಕಾಯಿಯನ್ನು ಸುಲಿಯಿರಿ. ಒಳಗೆ ಬೀಜಗಳು ಸಾಲಾಗಿ ಕುಳಿತಿವೆ. ಹೊರಗಿನ ಸಿಪ್ಪೆ ಮೊದಲು ಹೂವಿನ ಅಂಡಾಶಯವಾಗಿತ್ತು. ಅದರೊಳಗೆ ಅಂಡಕಗಳು ಮುಚ್ಚಿದ ಕೋಣೆಯಲ್ಲಿ ಇರುವಂತೆ ಇದ್ದವು. ಪರಾಗ ಬಂದು ಬಿದ್ದದ್ದು ಅಂಡಕದ ಮೇಲಲ್ಲ, ಶಲಾಕಾಗ್ರದ ಮೇಲೆ. ಅಲ್ಲಿಂದ ಪರಾಗನಳಿಕೆಯೊಂದು ಬೆಳೆದು, ಅಂಡಾಶಯದ ಗೋಡೆಯನ್ನು ದಾಟಿ, ಒಳಗಿನ ಅಂಡಕವನ್ನು ತಲುಪಿತು. ಬಳಿಕ ಅಂಡಕ ಬೀಜವಾಯಿತು, ಅಂಡಾಶಯ ಕಾಯಿಯಾಯಿತು. ಇಂತಹವೇ ಆವೃತ ಬೀಜ ಸಸ್ಯಗಳು.

ಪೈನ್ ಮರದಲ್ಲಿ ಅಂಡಾಶಯವೇ ಇಲ್ಲ. ಶಂಕುವಿನ ಪ್ರತಿಯೊಂದು ಹುರುಪೆಯ ಮೇಲ್ಭಾಗದಲ್ಲಿ ಎರಡು ಅಂಡಕಗಳು ತೆರೆದುಕೊಂಡೇ ಕುಳಿತಿರುತ್ತವೆ. ಗಾಳಿಯಲ್ಲಿ ತೇಲಿ ಬಂದ ಪರಾಗ ನೇರವಾಗಿ ಅಂಡಕದ ಬಾಯಿಗೇ ತಲುಪುತ್ತದೆ. ಇವು ಅನಾವೃತ ಬೀಜ ಸಸ್ಯಗಳು, ಅಂದರೆ ಹೊದಿಕೆಯಿಲ್ಲದ ಬೀಜದ ಸಸ್ಯಗಳು. ಈ ವ್ಯತ್ಯಾಸವನ್ನು ಖಚಿತವಾಗಿ ಗುರುತಿಸಿ 1825ರಲ್ಲಿ ಮಂಡಿಸಿದವರು ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಚಡಪಡಿಕೆಯನ್ನು, ಅಂದರೆ ಬ್ರೌನಿಯನ್ ಚಲನೆಯನ್ನು ವಿವರಿಸಿದವರೂ ಇವರೇ.

ಇಲ್ಲೊಂದು ಗೊಂದಲಕ್ಕೆ ಅವಕಾಶವಿದೆ. ಅನಾವೃತ ಎಂದಮಾತ್ರಕ್ಕೆ ಬೀಜ ಸದಾ ಕಣ್ಣಿಗೆ ಕಾಣುವಂತೆ ಹೊರಗಿರುತ್ತದೆ ಎಂದಲ್ಲ. ಪರಾಗಸ್ಪರ್ಶವಾದ ಮೇಲೆ ಪೈನ್ ಶಂಕುವಿನ ಹುರುಪೆಗಳು ಬಿಗಿಯಾಗಿ ಮುಚ್ಚಿಕೊಂಡು ಬೀಜಗಳನ್ನು ಕಾಪಾಡುತ್ತವೆ. ಜೂನಿಪರ್‌ನ ಶಂಕು ರಸಭರಿತವಾಗಿ ಹಣ್ಣಿನಂತೆ ಕಾಣುತ್ತದೆ. ಯೂ ಮರದ ಬೀಜದ ಸುತ್ತ ಕೆಂಪು ಬಟ್ಟಲಿನಂತಹ ಮೆತ್ತನೆಯ ಕವಚ ಇರುತ್ತದೆ. ಗಿಂಕ್ಗೊ ಬೀಜದ ಹೊರಸಿಪ್ಪೆಯೇ ತಿರುಳಿನಂತಿರುತ್ತದೆ. ಇವು ಯಾವುವೂ ಅಂಡಾಶಯದಿಂದ ಆದುವಲ್ಲ. ಆದ್ದರಿಂದ ಸಸ್ಯವಿಜ್ಞಾನದ ಅರ್ಥದಲ್ಲಿ ಹಣ್ಣುಗಳೂ ಅಲ್ಲ.

ಪೈನ್ ಮರದ ನಿಧಾನದ ಸಂಸಾರ

ಹಿಮಾಲಯದ ತಪ್ಪಲಿನಲ್ಲಿ ಹೇರಳವಾಗಿರುವ ಚೀರ್ ಪೈನ್ ಮರವನ್ನೇ ತೆಗೆದುಕೊಳ್ಳಿ. ಇದರ ಸೂಜಿ ಎಲೆಗಳು ಮೂರು ಮೂರರ ಕಟ್ಟುಗಳಲ್ಲಿ ಇರುತ್ತವೆ. ಒಂದೇ ಮರದಲ್ಲಿ ಗಂಡು ಶಂಕುಗಳೂ ಹೆಣ್ಣು ಶಂಕುಗಳೂ ಬೇರೆ ಬೇರೆಯಾಗಿ ಬೆಳೆಯುತ್ತವೆ. ಗಂಡು ಶಂಕುಗಳು ಚಿಕ್ಕವು, ಮೆದುವಾದವು, ಅಲ್ಪಾಯುಷಿಗಳು. ವಸಂತದಲ್ಲಿ ಅವು ಹಳದಿ ಪುಡಿಯಂತಹ ಪರಾಗವನ್ನು ಉದುರಿಸಿ ಬಿದ್ದುಹೋಗುತ್ತವೆ. ಪರಾಗ ಎಷ್ಟು ಹೇರಳವೆಂದರೆ ಪೈನ್ ಕಾಡಿನ ನೆಲ, ಕೆರೆ, ಮನೆಯ ಮಾಡು ಎಲ್ಲವೂ ಹಳದಿಯಾಗುತ್ತವೆ. ಇದನ್ನು 'ಗಂಧಕದ ಮಳೆ' ಎಂದು ಕರೆಯುವುದುಂಟು.

ಪರಾಗದ ಒಂದು ಕಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಇಕ್ಕೆಲಗಳಲ್ಲಿ ಎರಡು ಗಾಳಿಚೀಲಗಳು ಕಾಣುತ್ತವೆ. ಇವು ಗಾಳಿಯಲ್ಲಿ ತೇಲಲು ನೆರವಾಗುತ್ತವೆ. ಆದರೆ ಅವುಗಳ ಇನ್ನೊಂದು ಕೆಲಸ ಹೆಚ್ಚು ಸ್ವಾರಸ್ಯಕರ. ಪರಾಗ ಹಾರುವ ದಿನಗಳಲ್ಲಿ ಪ್ರತಿ ಅಂಡಕದ ಬಾಯಲ್ಲಿ ಒಂದು ಸಣ್ಣ ಹನಿ ಒಸರುತ್ತದೆ. ಸಕ್ಕರೆಯ ಅಂಶವಿರುವ ಈ ಹನಿಗೆ ಪರಾಗಸ್ಪರ್ಶದ ಹನಿ ಎಂದು ಹೆಸರು. ಗಾಳಿಯಲ್ಲಿ ಬಂದ ಪರಾಗ ಅದಕ್ಕೆ ಅಂಟಿಕೊಳ್ಳುತ್ತದೆ. ಪೈನ್‌ನ ಅಂಡಕದ ಬಾಯಿ ಕೆಳಮುಖವಾಗಿರುವುದರಿಂದ ಗಾಳಿಚೀಲವಿರುವ ಪರಾಗ ಹನಿಯಲ್ಲಿ ಗುಳ್ಳೆಯಂತೆ ಮೇಲಕ್ಕೆ ತೇಲಿ ಅಂಡಕದ ಒಳಗೆ ಸೇರುತ್ತದೆ. ಬಳಿಕ ಹನಿ ಒಳಕ್ಕೆ ಸರಿಯುತ್ತದೆ, ಶಂಕುವಿನ ಹುರುಪೆಗಳು ಮುಚ್ಚಿಕೊಳ್ಳುತ್ತವೆ.

ಇಷ್ಟಾದ ಮೇಲೆ ಅವಸರವೇನೂ ಇಲ್ಲ. ಹೂ ಬಿಡುವ ಬಹುಪಾಲು ಸಸ್ಯಗಳಲ್ಲಿ ಪರಾಗಸ್ಪರ್ಶವಾದ ಕೆಲವೇ ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಗಂಡು ಹೆಣ್ಣು ಲಿಂಗಾಣುಗಳ ಮಿಲನವಾಗುತ್ತದೆ. ಪೈನ್‌ನಲ್ಲಿ ಪರಾಗ ಬಂದಾಗ ಅಂಡಾಣು ಇನ್ನೂ ರೂಪುಗೊಂಡೇ ಇರುವುದಿಲ್ಲ! ಪರಾಗನಳಿಕೆ ಅತಿ ನಿಧಾನವಾಗಿ ಬೆಳೆಯುತ್ತದೆ, ಚಳಿಗಾಲದಲ್ಲಿ ನಿಂತು ಬಿಡುತ್ತದೆ, ಮುಂದಿನ ವಸಂತದಲ್ಲಿ ಮತ್ತೆ ಬೆಳೆಯುತ್ತದೆ. ಅಷ್ಟರಲ್ಲಿ ಅಂಡಕದೊಳಗೆ ಹೆಣ್ಣು ಅಂಗಾಂಶ ಬೆಳೆದು ಅಂಡಾಣು ಸಿದ್ಧವಾಗಿರುತ್ತದೆ. ಹೀಗೆ ಪರಾಗಸ್ಪರ್ಶಕ್ಕೂ ಮಿಲನಕ್ಕೂ ನಡುವೆ ಸುಮಾರು ಒಂದು ವರ್ಷದ ಅಂತರ. ಶಂಕು ಬಲಿತು ಬೀಜ ಉದುರಲು ಒಟ್ಟು ಸುಮಾರು ಎರಡು ವರ್ಷ.

ಈ ಬೀಜದೊಳಗಿನ ಆಹಾರವೂ ಬೇರೆ ಬಗೆಯದು. ತೆಂಗಿನಕಾಯಿಯ ತಿರುಳನ್ನು ನೆನಪಿಸಿಕೊಳ್ಳಿ. ಅದು ಭ್ರೂಣಾಹಾರ. ಗಂಡು ಲಿಂಗಾಣುವೊಂದು ಹೆಣ್ಣಿನ ಎರಡು ನ್ಯೂಕ್ಲಿಯಸ್‌ಗಳೊಡನೆ ಕೂಡಿ ಹುಟ್ಟಿದ್ದು. ಹಾಗಾಗಿ ಅದರ ಜೀವಕೋಶಗಳಲ್ಲಿ ಕ್ರೋಮೊಸೋಮುಗಳ ಮೂರು ಜೊತೆಗಟ್ಟು ಇರುತ್ತವೆ. ಹಿಮಾಚಲದ ಕಿನ್ನೌರಿನಿಂದ ಬರುವ ಚಿಲ್ಗೋಜಾ ಒಣಹಣ್ಣಿನ ಅಂಗಡಿಗಳಲ್ಲಿ ಸಿಗುತ್ತದೆ. ಅದು ಚಿಲ್ಗೋಜಾ ಪೈನ್ ಮರದ ಬೀಜ. ಅದರ ತಿರುಳಿನ ಬಹುಭಾಗ ಮಿಲನಕ್ಕೆ ಮೊದಲೇ ಸಿದ್ಧವಾದ ಹೆಣ್ಣು ಅಂಗಾಂಶ. ಅದರ ಕೋಶಗಳಲ್ಲಿ ಇರುವುದು ತಾಯಿಯಿಂದ ಬಂದ ಒಂದೇ ಗಟ್ಟು ಕ್ರೋಮೊಸೋಮು. ಬೀಜದ ಸಿಪ್ಪೆ ಮರದ್ದೇ ಭಾಗ, ತಿರುಳು ಅದರ ಮುಂದಿನ ತಲೆಮಾರು, ನಡುವಿನ ಭ್ರೂಣ ಅದರ ಮರುತಲೆಮಾರು. ಅಜ್ಜಿ, ತಾಯಿ, ಮಗು ಮೂವರೂ ಒಂದೇ ಬೀಜದಲ್ಲಿ!

ನಾಲ್ಕು ಬಳಗಗಳು

ಇಂದು ಬದುಕಿರುವ ಅನಾವೃತ ಬೀಜ ಸಸ್ಯಗಳ ಪ್ರಭೇದಗಳು ಸುಮಾರು 1,100 ಮಾತ್ರ. ಹೂ ಬಿಡುವ ಸಸ್ಯಗಳ ಪ್ರಭೇದಗಳು ಮೂರು ಲಕ್ಷದ ಆಸುಪಾಸು. ಆದರೆ ಪ್ರಭೇದಗಳ ಸಂಖ್ಯೆಯೇ ಎಲ್ಲವೂ ಅಲ್ಲ. ಸೈಬೀರಿಯ, ಸ್ಕ್ಯಾಂಡಿನೇವಿಯ, ಕೆನಡಾಗಳನ್ನು ಪಟ್ಟಿಯಂತೆ ಸುತ್ತುವರಿದಿರುವ ಟೈಗಾ ಅರಣ್ಯ ಜಗತ್ತಿನ ಅತಿ ವಿಶಾಲ ಅರಣ್ಯಗಳಲ್ಲೊಂದು. ಅದರಲ್ಲಿ ಬಹುಪಾಲು ಮರಗಳು ಸ್ಪ್ರೂಸ್, ಫರ್, ಪೈನ್, ಲಾರ್ಚ್ ಎಂಬ ಕೆಲವೇ ಕುಲಗಳಿಗೆ ಸೇರಿದವು.

ಮೊದಲ ಬಳಗ ಸೈಕಾಡ್‌ಗಳು. ಇವುಗಳಲ್ಲಿ 370ಕ್ಕೂ ಹೆಚ್ಚು ಪ್ರಭೇದಗಳಿವೆ. ನೋಡಲು ತಾಳೆಯ ಗಿಡದಂತೆ ಇದ್ದರೂ ತಾಳೆಗೂ ಇವಕ್ಕೂ ಸಂಬಂಧವಿಲ್ಲ. ಉದ್ಯಾನಗಳಲ್ಲಿ 'ಸಾಗೋ ಪಾಮ್' ಎಂದು ಮಾರುವ ಗಿಡ ಜಪಾನ್ ಮೂಲದ ಸೈಕಸ್. ಅಡುಗೆಮನೆಯ ಸಾಬಕ್ಕಿ ಇದರಿಂದ ಬಂದದ್ದಲ್ಲ. ನಮ್ಮಲ್ಲಿ ಅದನ್ನು ಮರಗೆಣಸಿನಿಂದ ತಯಾರಿಸುತ್ತಾರೆ. ಸೈಕಾಡ್‌ಗಳಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುವ ಸೈಕಸ್ ಸರ್ಸಿನ್ಯಾಲಿಸ್ ಬೇರೆಲ್ಲೂ ಸಹಜವಾಗಿ ಬೆಳೆಯದ ಪ್ರಭೇದ. ಇದರ ಗಂಡು ಗಿಡದ ನೆತ್ತಿಯಲ್ಲಿ ದೊಡ್ಡ ಶಂಕು ಮೂಡುತ್ತದೆ. ಹೆಣ್ಣು ಗಿಡದಲ್ಲಿ ಶಂಕುವೇ ಇಲ್ಲ. ಎಲೆಯಂತಹ ಅಂಗಗಳ ಅಂಚಿನಲ್ಲಿ ಬೀಜಗಳು ತೂಗುತ್ತವೆ. ಬೆತ್ತಲೆ ಬೀಜ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಸೈಕಾಡ್‌ಗಳ ಬೇರುಗಳಲ್ಲಿ ಕೆಲವು ನೆಲದ ಮೇಲ್ಭಾಗಕ್ಕೆ ಬಂದು ಹವಳದಂತೆ ಕವಲೊಡೆಯುತ್ತವೆ. ಅವುಗಳೊಳಗೆ ನೀಲಿಹಸಿರು ಬ್ಯಾಕ್ಟೀರಿಯಗಳು ವಾಸಿಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಪರಾಗಸ್ಪರ್ಶಕ್ಕೆ ಇವು ಬಹುಮಟ್ಟಿಗೆ ನಂಬಿರುವುದು ಗಾಳಿಯನ್ನಲ್ಲ, ಕೀಟಗಳನ್ನು. ಹೆಚ್ಚಾಗಿ ಓಡುಹುಳುಗಳನ್ನು. ಆಸ್ಟ್ರೇಲಿಯದ ಮ್ಯಾಕ್ರೊಜಾಮಿಯದ ಒಂದು ಪ್ರಭೇದದಲ್ಲಿ ಥ್ರಿಪ್ಸ್ ಎಂಬ ಸೂಕ್ಷ್ಮ ಕೀಟಗಳು ಈ ಕೆಲಸ ಮಾಡುತ್ತವೆ. ಹಗಲಿನಲ್ಲಿ ಗಂಡು ಶಂಕು ತಾನಾಗಿ ಬಿಸಿಯೇರಿ ಘಾಟು ವಾಸನೆ ಬಿಡುತ್ತದೆ. ಅದನ್ನು ತಾಳಲಾರದೆ ಪರಾಗ ಮೆತ್ತಿಕೊಂಡ ಕೀಟಗಳು ಹೊರಗೋಡುತ್ತವೆ. ಹೆಣ್ಣು ಶಂಕುವಿನ ವಾಸನೆ ಅದೇ ಆದರೂ ಸೌಮ್ಯ. ಕೀಟಗಳು ಅತ್ತ ಸೆಳೆಯಲ್ಪಡುತ್ತವೆ. ಸಂಜೆ ವಾಸನೆ ತಗ್ಗಿದಾಗ ಮತ್ತೆ ಗಂಡು ಶಂಕುವಿಗೆ ಮರಳುತ್ತವೆ.

ಎರಡನೆಯ ಬಳಗದಲ್ಲಿ ಉಳಿದಿರುವುದು ಒಂದೇ ಪ್ರಭೇದ, ಚೀನಾ ಮೂಲದ ಗಿಂಕ್ಗೊ. ಬೀಸಣಿಗೆ ಆಕಾರದ ಎಲೆಗಳ ಈ ಮರದ ಬಂಧುಗಳೆಲ್ಲ ಪಳೆಯುಳಿಕೆಗಳಲ್ಲಿ ಮಾತ್ರ ಸಿಗುತ್ತವೆ. 1945ರಲ್ಲಿ ಹಿರೋಶಿಮಾದಲ್ಲಿ ಅಣುಬಾಂಬಿಗೆ ಸಿಕ್ಕಿ ಮತ್ತೆ ಚಿಗುರಿದ ಮರಗಳಲ್ಲಿ ಗಿಂಕ್ಗೊ ಕೂಡ ಇತ್ತು. ಸಸ್ಯವಿಜ್ಞಾನದ ಚರಿತ್ರೆಯಲ್ಲಿ ಈ ಮರಕ್ಕೆ ಇನ್ನೊಂದು ಸ್ಥಾನವೂ ಇದೆ. 1896ರಲ್ಲಿ ಟೋಕಿಯೊದ ಹಿರಾಸೆ ಸಕುಗೊರೊ ಎಂಬವರು ಗಿಂಕ್ಗೊದ ಅಂಡಕದೊಳಗೆ ಈಜಾಡುವ ವೀರ್ಯಾಣುಗಳನ್ನು ಕಂಡರು. ಅವರು ವಿಶ್ವವಿದ್ಯಾನಿಲಯದಲ್ಲಿ ಮೊದಲು ಚಿತ್ರ ಬರೆಯುವ ಕೆಲಸಕ್ಕೆ ಸೇರಿದ್ದವರು. ಅದೇ ವರ್ಷ ಇಕೆನೊ ಸೈಇಚಿರೊ ಸೈಕಸ್‌ನಲ್ಲೂ ಅಂತಹವನ್ನೇ ಗುರುತಿಸಿದರು. ಈಜುವ ವೀರ್ಯಾಣು ಪಾಚಿ, ಹಾವಸೆ, ಜರೀಗಿಡಗಳಲ್ಲಿ ಇರುವಂಥದ್ದು. ಬೀಜ ಬಿಡುವ ಗಿಡಗಳಲ್ಲೂ ಅದು ಉಳಿದುಕೊಂಡಿದೆ ಎಂಬುದು ದೊಡ್ಡ ಸುದ್ದಿಯಾಯಿತು. ಸೈಕಾಡ್‌ಗಳ ವೀರ್ಯಾಣು ಸಸ್ಯಲೋಕದಲ್ಲೇ ಅತಿ ದೊಡ್ಡದು. ಕೆಲವು ಪ್ರಭೇದಗಳಲ್ಲಿ ಅದು ಬರಿಗಣ್ಣಿಗೂ ಚುಕ್ಕೆಯಂತೆ ಕಾಣುತ್ತದೆ. ಅದರ ಮೈಮೇಲೆ ಸುರುಳಿಯಾಗಿ ಸಾವಿರಾರು ಕಶಾಂಗಗಳಿರುತ್ತವೆ. ಅಂಡಕದೊಳಗೆ ಒಸರುವ ಒಂದು ಹನಿ ದ್ರವವೇ ಅದು ಈಜುವ ಕೊಳ. ಪೈನ್‌ನಂತಹ ಮರಗಳು ಈ ಹನಿಯ ಅಗತ್ಯವನ್ನೂ ತೊರೆದಿವೆ. ಅಲ್ಲಿ ಪರಾಗನಳಿಕೆಯೇ ಗಂಡು ಲಿಂಗಾಣುಗಳನ್ನು ಅಂಡಾಣುವಿನವರೆಗೆ ಮುಟ್ಟಿಸುತ್ತದೆ. ನೀರಿನಲ್ಲಿ ಹುಟ್ಟಿದ ಸಸ್ಯಗಳು ಒಣನೆಲವನ್ನು ಗೆದ್ದ ಕಥೆಯ ಎರಡು ಹೆಜ್ಜೆಗಳನ್ನು ಇಲ್ಲಿ ಅಕ್ಕಪಕ್ಕದಲ್ಲೇ ನೋಡಬಹುದು.

ಮೂರನೆಯದು ಶಂಕುಧಾರಿಗಳು. ಸುಮಾರು 600ಕ್ಕೂ ಹೆಚ್ಚು ಪ್ರಭೇದಗಳ ದೊಡ್ಡ ಬಳಗ. ದಾಖಲೆಗಳೆಲ್ಲ ಇವುಗಳ ಹೆಸರಿನಲ್ಲೇ ಇವೆ. ಕ್ಯಾಲಿಫೋರ್ನಿಯದ ಹೈಪೀರಿಯನ್ ಎಂಬ ಕರಾವಳಿ ರೆಡ್‌ವುಡ್ ಮರ ಸುಮಾರು 116 ಮೀಟರ್ ಎತ್ತರವಿದ್ದು ಬದುಕಿರುವ ಮರಗಳಲ್ಲೇ ಅತಿ ಎತ್ತರದ್ದು. ಅಲ್ಲಿಯದೇ ಬ್ರಿಸಲ್‌ಕೋನ್ ಪೈನ್‌ಗಳಲ್ಲಿ ಒಂದರ ವಯಸ್ಸು 4,800 ವರ್ಷಗಳಿಗೂ ಹೆಚ್ಚು. ಇಷ್ಟು ಎತ್ತರ ನೀರೇರಿಸುವ ಕೆಲಸವನ್ನು ಮಾಡುವುದು ಟ್ರಾಕೀಡ್ ಎಂಬ ಕಿರಿದಾದ ಕೊಳವೆಗಳು ಮಾತ್ರ. ಹೂ ಬಿಡುವ ಮರಗಳಲ್ಲಿರುವ ಅಗಲವಾದ ನಾಳಗಳು ಇವುಗಳಲ್ಲಿ ಇಲ್ಲ. ಕಿರಿದಾದ ಕೊಳವೆಯಲ್ಲಿ ನೀರು ನಿಧಾನವಾಗಿ ಏರುತ್ತದೆ ನಿಜ. ಆದರೆ ನೀರು ಹೆಪ್ಪುಗಟ್ಟಿ ಕರಗಿದಾಗ ಗಾಳಿಗುಳ್ಳೆಗಳು ಅದರಲ್ಲಿ ಸಿಲುಕಿ ಹರಿವನ್ನು ಕಡಿಯುವ ಅಪಾಯ ಕಡಿಮೆ. ದಪ್ಪ ಮೇಣದ ಹೊದಿಕೆಯ ಸೂಜಿ ಎಲೆಯೂ ಸೇರಿ ಚಳಿನಾಡುಗಳಲ್ಲಿ ಇವು ಮೇಲುಗೈ ಪಡೆದಿವೆ.

ನಮ್ಮ ದೇಶದಲ್ಲಿ ದೇವದಾರು, ಪೈನ್, ಫರ್, ಸ್ಪ್ರೂಸ್‌ಗಳೆಲ್ಲ ಹಿಮಾಲಯದ ಮರಗಳು. ಖಾಸಿ ಬೆಟ್ಟಗಳಲ್ಲಿ ಖಾಸಿ ಪೈನ್ ಇದೆ. ದಕ್ಷಿಣದ ಪರ್ಯಾಯ ದ್ವೀಪದಲ್ಲಿ ಸಹಜವಾಗಿ ಬೆಳೆಯುವ ಶಂಕುಧಾರಿ ಒಂದೇ ಒಂದು. ಅದು ಪಶ್ಚಿಮಘಟ್ಟದ ದಕ್ಷಿಣ ಭಾಗದ ನಿತ್ಯಹರಿದ್ವರ್ಣ ಕಾಡುಗಳಲ್ಲಿರುವ ನಗೇಯ ವಾಲಿಚಿಯಾನ. ಇದರ ಎಲೆ ಸೂಜಿಯಂತಿಲ್ಲ. ಅಗಲವಾಗಿ, ನಡುನರವಿಲ್ಲದೆ ಇರುತ್ತದೆ. ಊಟಿ, ಕೊಡೈಕೆನಾಲ್‌ಗಳಲ್ಲಿ ಕಾಣುವ ಪೈನ್ ತೋಪುಗಳು ಮನುಷ್ಯರು ನೆಟ್ಟವು.

ನಾಲ್ಕನೆಯ ಬಳಗ ನೀಟೇಲ್ಸ್. ಇದರಲ್ಲಿರುವ ಮೂರು ಕುಲಗಳಿಗೆ ಒಂದರ ಹೋಲಿಕೆ ಇನ್ನೊಂದಕ್ಕಿಲ್ಲ. ಲಡಾಖ್, ಸ್ಪಿತಿಗಳ ಒಣ ಇಳಿಜಾರುಗಳಲ್ಲಿ ಎಫೆಡ್ರಾ ಎಂಬ ಎಲೆಯಿಲ್ಲದಂತೆ ಕಾಣುವ ಪೊದೆಯಿದೆ. ಉಸಿರಾಟದ ತೊಂದರೆಗೆ ಬಳಸುತ್ತಿದ್ದ ಎಫೆಡ್ರಿನ್ ಔಷಧ ಮೊದಲು ದೊರೆತದ್ದು ಈ ಕುಲದಿಂದ. ಪಶ್ಚಿಮಘಟ್ಟದ ಕಾಡುಗಳಲ್ಲಿ ನೀಟಮ್ ಯೂಲ ಎಂಬ ದೊಡ್ಡ ಬಳ್ಳಿಯಿದೆ. ಅದರ ಅಗಲವಾದ, ಬಲೆಯಂತಹ ನರಗಳ ಎಲೆಯನ್ನು ನೋಡಿದ ಯಾರೂ ಅದನ್ನು ಪೈನ್ ಬಂಧು ಎಂದು ಹೇಳಲಾರರು. ಭಾರತದ ಹೆಸರಾಂತ ಸಸ್ಯವಿಜ್ಞಾನಿ ಪಂಚಾನನ ಮಹೇಶ್ವರಿ ಅವರು ಈ ಕುಲದ ಬಗ್ಗೆ ಸಹಲೇಖಕರೊಬ್ಬರೊಡನೆ ಬರೆದ ಗ್ರಂಥ 1961ರಲ್ಲಿ ಪ್ರಕಟವಾಯಿತು. ಮೂರನೆಯದು ನಮೀಬಿಯ ಮತ್ತು ಅಂಗೋಲದ ಮರುಭೂಮಿಯ ವೆಲ್ವಿಚಿಯ. ಇದಕ್ಕೆ ಇಡೀ ಬದುಕಿಗೆ ಎರಡೇ ನಿಜವಾದ ಎಲೆಗಳು. ಅವು ಬುಡದಿಂದ ಬೆಳೆಯುತ್ತಲೇ ಇರುತ್ತವೆ, ತುದಿಯಲ್ಲಿ ಸವೆದು ಸೀಳುತ್ತಲೇ ಇರುತ್ತವೆ. ಈ ಬಳಗದಿಂದಲೇ ಹೂ ಬಿಡುವ ಸಸ್ಯಗಳು ಬಂದಿರಬೇಕು ಎಂದು ಹಿಂದೆ ಹಲವರು ಊಹಿಸಿದ್ದರು. ಆದರೆ ಡಿಎನ್‌ಎ ಹೋಲಿಕೆ ಇವನ್ನು ಶಂಕುಧಾರಿಗಳ ಹತ್ತಿರ ಕೂರಿಸಿದೆ.

ಕಲ್ಲಿದ್ದಲಿನಲ್ಲಿ ಉಳಿದವು

ಇಂದು ಅಲ್ಪಸಂಖ್ಯಾತರಾದ ಈ ಸಸ್ಯಗಳು ಒಂದು ಕಾಲದಲ್ಲಿ ನೆಲವನ್ನು ಆಳಿದವು. ಬೀಜ ಬಿಡುವ ಸಸ್ಯಗಳ ಅತಿ ಹಳೆಯ ಪಳೆಯುಳಿಕೆಗಳು ಸುಮಾರು 36 ಕೋಟಿ ವರ್ಷ ಹಿಂದಿನವು. ಹೂಗಳು ಹರಡಿದ್ದು ಬಹಳ ತಡವಾಗಿ, ಸುಮಾರು 13 ಕೋಟಿ ವರ್ಷಗಳ ಈಚೆಗೆ. ನಡುವಿನ ಕಾಲವೆಲ್ಲ ಅನಾವೃತ ಬೀಜಗಳದ್ದು.

ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ ಭಾರತ, ಆಫ್ರಿಕ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯ, ಅಂಟಾರ್ಕ್ಟಿಕಗಳು ಗೊಂಡ್ವಾನ ಎಂಬ ಒಂದೇ ಭೂಖಂಡವಾಗಿದ್ದವು. ಅಲ್ಲಿ ನಾಲಿಗೆಯಾಕಾರದ ಎಲೆಗಳ ಗ್ಲಾಸಾಪ್ಟೆರಿಸ್ ಎಂಬ ಮರ ಹೇರಳವಾಗಿತ್ತು. ಇದೂ ಬೆತ್ತಲೆ ಬೀಜದ ಸಸ್ಯವೇ. ದಾಮೋದರ ಕಣಿವೆಯ, ಗೋದಾವರಿ ಕಣಿವೆಯ ಸಿಂಗರೇಣಿಯ ಕಲ್ಲಿದ್ದಲು ಬಹುಮಟ್ಟಿಗೆ ಇಂತಹ ಕಾಡುಗಳಿಂದ ಆದದ್ದು. ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕೆ ಸಿಂಗರೇಣಿಯ ಕಲ್ಲಿದ್ದಲೂ ಬರುತ್ತದೆ. ಅಂದರೆ ನಿಮ್ಮ ಮನೆಯ ದೀಪದ ಬೆಳಕಿನಲ್ಲಿ ಗ್ಲಾಸಾಪ್ಟೆರಿಸ್ ಹಿಡಿದಿಟ್ಟ ಬಿಸಿಲೂ ಸ್ವಲ್ಪ ಇರಬಹುದು. 1912ರಲ್ಲಿ ದಕ್ಷಿಣ ಧ್ರುವದಿಂದ ಹಿಂದಿರುಗುವಾಗ ಸತ್ತ ಕ್ಯಾಪ್ಟನ್ ಸ್ಕಾಟ್ ಮತ್ತು ಸಂಗಡಿಗರ ಬಳಿ ಸುಮಾರು 16 ಕಿಲೊ ಕಲ್ಲುಗಳು ಸಿಕ್ಕವು. ಅವುಗಳಲ್ಲಿ ಗ್ಲಾಸಾಪ್ಟೆರಿಸ್ ಎಲೆಗಳ ಅಚ್ಚು ಇತ್ತು. ಹಿಮದ ಖಂಡ ಒಮ್ಮೆ ಭಾರತದಂತಹ ನೆಲಗಳೊಡನೆ ಕೂಡಿತ್ತು ಎಂಬುದಕ್ಕೆ ಇದು ಒಂದು ಸಾಕ್ಷ್ಯವಾಯಿತು. ನಮ್ಮ ದೇಶದ ಇಂತಹ ಪಳೆಯುಳಿಕೆಗಳನ್ನು ಆಳವಾಗಿ ಅಭ್ಯಸಿಸಿದವರು ಬೀರಬಲ್ ಸಾಹನಿ. ರಾಜಮಹಲ್ ಬೆಟ್ಟಗಳಲ್ಲಿ ದೊರೆತ ತುಣುಕುಗಳನ್ನು ಜೋಡಿಸಿ ಅವರು ವಿಲಿಯಮ್ಸೋನಿಯ ಎಂಬ ಅಳಿದ ಗಿಡದ ಪೂರ್ಣರೂಪವನ್ನು 1932ರಲ್ಲಿ ಕಟ್ಟಿಕೊಟ್ಟರು.

ಒಂಟಿ ಗಂಡು

ಇಷ್ಟು ಕಾಲ ಬಾಳಿದವು ಇನ್ನೂ ಬಾಳುತ್ತವೆ ಎನ್ನುವ ಭರವಸೆ ಇಲ್ಲ. ದಕ್ಷಿಣ ಆಫ್ರಿಕದ ಓನ್ಗೋಯೆ ಕಾಡಿನಲ್ಲಿ 1895ರಲ್ಲಿ ಜಾನ್ ಮೆಡ್ಲಿ ವುಡ್ ಎಂಬ ಸಸ್ಯವಿಜ್ಞಾನಿ ಒಂದು ಸೈಕಾಡ್ ಗಿಡವನ್ನು ಕಂಡರು. ನಾಲ್ಕಾರು ಕಾಂಡಗಳ ಒಂದೇ ಮೆಳೆ. ಅದು ಗಂಡು. ಎನ್ಸೆಫಲಾರ್ಟಸ್ ವುಡಿ ಎಂದು ಅದಕ್ಕೆ ಹೆಸರಿಟ್ಟರು. ಅದರ ಮರಿಗಳನ್ನು ಉದ್ಯಾನಗಳಿಗೆ ಒಯ್ದು ನೆಟ್ಟರು. ಕಾಡಿನಲ್ಲಿ ಉಳಿದಿದ್ದ ಕೊನೆಯ ಕಾಂಡವನ್ನೂ 1916ರಲ್ಲಿ ತೆಗೆಯಲಾಯಿತು. ಅಂದಿನಿಂದ ಎಷ್ಟು ಹುಡುಕಿದರೂ ಹೆಣ್ಣು ಗಿಡ ಸಿಕ್ಕಿಲ್ಲ. ಇಂದು ಜಗತ್ತಿನ ಉದ್ಯಾನಗಳಲ್ಲಿ ಇರುವ ಆ ಪ್ರಭೇದದ ಗಿಡಗಳೆಲ್ಲ ಒಂದೇ ಗಂಡಿನ ತದ್ರೂಪುಗಳು. ಗಿಡ ಬದುಕಿದೆ, ವಂಶ ನಿಂತಿದೆ.

ಇದು ಅಪರೂಪದ ಅಪವಾದವೇನಲ್ಲ. ಸೈಕಾಡ್‌ಗಳಲ್ಲಿ ಶೇ. 60ಕ್ಕೂ ಹೆಚ್ಚು ಪ್ರಭೇದಗಳು, ಶಂಕುಧಾರಿಗಳಲ್ಲಿ ಸುಮಾರು ಮೂರನೇ ಒಂದರಷ್ಟು ಅಳಿವಿನ ಭೀತಿಯಲ್ಲಿವೆ. ಕಾರಣವನ್ನು ಹಿಂದೆ ಹೇಳಿದ ಜೀವನಕ್ರಮದಲ್ಲೇ ಕಾಣಬಹುದು. ಬೆಳವಣಿಗೆ ನಿಧಾನ. ಬೀಜ ಬಿಡಲು ಹಲವು ವರ್ಷ, ಕೆಲವೊಮ್ಮೆ ದಶಕಗಳೇ ಬೇಕು. ಗಂಡು ಹೆಣ್ಣು ಬೇರೆಯಾಗಿರುವಲ್ಲಿ ಎರಡೂ ಹತ್ತಿರವಿರಬೇಕು, ನಡುವೆ ಓಡಾಡುವ ಹುಳುವೂ ಇರಬೇಕು. ಕಾಡು ತುಂಡಾದರೆ ಮೂರೂ ಒಟ್ಟಿಗೆ ಸಿಗುವುದಿಲ್ಲ. ಹುಲ್ಲು ಮುಂದಿನ ಮಳೆಗೆ ಮತ್ತೆ ಬರುತ್ತದೆ. ಸೈಕಸ್ ಹಾಗಲ್ಲ.

ನಮ್ಮ ಪಶ್ಚಿಮಘಟ್ಟದ ಸೈಕಸ್ ಸರ್ಸಿನ್ಯಾಲಿಸ್ ಕೂಡ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಚಪ್ಪರ, ಹೂಗುಚ್ಛಗಳ ಅಲಂಕಾರಕ್ಕೆ ಇದರ ಎಲೆ ಕಡಿಯುತ್ತಾರೆ, ತಿರುಳಿಗಾಗಿ ಕಾಂಡವನ್ನೇ ಉರುಳಿಸುತ್ತಾರೆ. ಬೀಜಗಳಲ್ಲಿ ಸೈಕಾಸಿನ್ ಎಂಬ ವಿಷವಿದ್ದರೂ ಕಾಡಿನ ಜನ ಅವನ್ನು ಒಣಗಿಸಿ, ಮತ್ತೆ ಮತ್ತೆ ನೀರಿನಲ್ಲಿ ನೆನೆಸಿ ವಿಷ ಕಳೆದು ಹಿಟ್ಟು ಮಾಡುವುದನ್ನು ಬಲ್ಲರು. ಗೊತ್ತಿಲ್ಲದವರು ಎಂದೂ ಪ್ರಯತ್ನಿಸಬಾರದು. ಆಂಧ್ರದ ತಿರುಮಲ ಮತ್ತು ಕಡಪ ಭಾಗದ ಬೆಟ್ಟಗಳಲ್ಲಿ ಮಾತ್ರ ಇರುವ ಸೈಕಸ್ ಬೆಡ್ಡೊಮಿಯ ಗಂಡು ಶಂಕುಗಳನ್ನು ನಾಟಿ ಔಷಧಕ್ಕಾಗಿ ಕೀಳುತ್ತಾರೆ. ಗಂಡು ಶಂಕು ಹೋದರೆ ಹೆಣ್ಣು ಗಿಡಕ್ಕೆ ಪರಾಗ ಎಲ್ಲಿಂದ ಬರಬೇಕು? ಈ ಪ್ರಭೇದದ ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟಿಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿ ಇರಿಸಲಾಗಿದೆ. ಕಿನ್ನೌರಿನ ಚಿಲ್ಗೋಜಾಕ್ಕೂ ಇಂತಹದೇ ಸಮಸ್ಯೆ. ಶಂಕುಗಳು ಬಿರಿಯುವ ಮೊದಲೇ ಎಲ್ಲವನ್ನೂ ಕೊಯ್ದರೆ ನೆಲಕ್ಕೆ ಬೀಳಲು ಬೀಜ ಉಳಿಯದು, ಕಾಡಿನಲ್ಲಿ ಎಳೆಯ ಮರಗಳು ಕಾಣಸಿಗವು.

ಒಂದು ಮರದ ತೊಗಟೆ

ಕಳೆದುಕೊಳ್ಳುವುದು ಏನನ್ನು ಎಂಬುದಕ್ಕೆ ಯೂ ಮರದ ಕಥೆ ಸಾಕು. 1962ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಸರಕಾರಿ ಸಸ್ಯವಿಜ್ಞಾನಿ ಆರ್ಥರ್ ಬಾರ್ಕ್ಲೆ ಪೆಸಿಫಿಕ್ ಯೂ ಮರದ ತೊಗಟೆ ಸಂಗ್ರಹಿಸಿದರು. ಕ್ಯಾನ್ಸರ್‌ಗೆ ಮದ್ದು ಹುಡುಕಲು ಸಾವಿರಾರು ಸಸ್ಯಗಳನ್ನು ಪರೀಕ್ಷಿಸುವ ಯೋಜನೆಯ ಭಾಗ ಅದು. ಮರ ಕಡಿಯುವವರ ಕಣ್ಣಿಗೆ ಯೂ ಬೆಲೆಯಿಲ್ಲದ ಕಳೆಮರವಾಗಿತ್ತು. ಮನ್ರೋ ವಾಲ್ ಮತ್ತು ಮುಂಬಯಿಯಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ಮನ್ಸುಖ್ ವಾಣಿ ಅದರಿಂದ ಟ್ಯಾಕ್ಸಾಲ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿ 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಜೀವಕೋಶ ಒಡೆಯುವಾಗ ಅದರೊಳಗೆ ಸೂಕ್ಷ್ಮನಳಿಕೆಗಳು ಕಟ್ಟಿಕೊಂಡು, ಮತ್ತೆ ಕಳಚಿಕೊಳ್ಳಬೇಕು. ಟ್ಯಾಕ್ಸಾಲ್ ಅವನ್ನು ಕಳಚದಂತೆ ಬಿಗಿದು ಹಿಡಿಯುತ್ತದೆ, ಕ್ಯಾನ್ಸರ್ ಕೋಶ ಒಡೆಯಲಾರದೆ ಸಾಯುತ್ತದೆ ಎಂದು ಸೂಸನ್ ಹಾರ್ವಿಟ್ಜ್ 1979ರಲ್ಲಿ ತೋರಿಸಿದರು. 1992ರಲ್ಲಿ ಅಂಡಾಶಯದ ಕ್ಯಾನ್ಸರ್ ಚಿಕಿತ್ಸೆಗೆ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬಳಿಕ ಸ್ತನ ಕ್ಯಾನ್ಸರ್‌ಗೂ ಬಳಕೆಗೆ ಬಂತು.

ಆದರೆ ತೊಗಟೆ ಸುಲಿದರೆ ಮರ ಸಾಯುತ್ತದೆ. ದೊಡ್ಡ ಮರವೊಂದರ ತೊಗಟೆಯಿಂದ ಸಿಗುತ್ತಿದ್ದುದು ಒಂದು ಗ್ರಾಮಿಗಿಂತಲೂ ಕಡಿಮೆ ಔಷಧ. ಬೇಡಿಕೆ ಹಿಮಾಲಯದ ಯೂ ಮರದ ಮೇಲೂ ಬಿತ್ತು. 1990ರ ದಶಕದಲ್ಲಿ ಅಲ್ಲಿನ ಕಾಡುಗಳಿಂದ ಎಲೆ, ತೊಗಟೆಗಳು ವಿಪರೀತ ಪ್ರಮಾಣದಲ್ಲಿ ಹೊರಹೋದವು. 1995ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ನಿಯಂತ್ರಣಕ್ಕೆ ಒಳಪಟ್ಟಿತು. ಅಷ್ಟರಲ್ಲಿ ರಸಾಯನ ವಿಜ್ಞಾನವೂ ದಾರಿ ತೋರಿತ್ತು. ಯೂ ಮರದ ಎಲೆಗಳಲ್ಲಿ ಟ್ಯಾಕ್ಸಾಲಿಗೆ ಹತ್ತಿರದ ಇನ್ನೊಂದು ವಸ್ತು ಸಿಗುತ್ತದೆ. ಎಲೆ ಕೊಯ್ದರೆ ಮತ್ತೆ ಚಿಗುರುತ್ತದೆ. ಅದನ್ನು ಪ್ರಯೋಗಾಲಯದಲ್ಲಿ ಟ್ಯಾಕ್ಸಾಲ್ ಆಗಿ ಮಾರ್ಪಡಿಸಬಹುದು. ಇಂದು ಯೂ ಮರದ ಜೀವಕೋಶಗಳನ್ನು ತೊಟ್ಟಿಗಳಲ್ಲಿ ಬೆಳೆಸಿಯೂ ಈ ಔಷಧ ಪಡೆಯುತ್ತಾರೆ. ಮರ ಉಳಿದಿದ್ದರಿಂದ ಮದ್ದು ಸಿಕ್ಕಿತು, ಮದ್ದಿನ ಬೇರೆ ದಾರಿ ಸಿಕ್ಕಿದ್ದರಿಂದ ಮರಕ್ಕೆ ಉಳಿಯುವ ಅವಕಾಶ ಸಿಕ್ಕಿತು.

ಉಳಿಸಿಕೊಳ್ಳಬಹುದು ಎಂಬುದಕ್ಕೂ ಉದಾಹರಣೆ ಇದೆ. 1994ರಲ್ಲಿ ಆಸ್ಟ್ರೇಲಿಯದ ಸಿಡ್ನಿಯ ವಾಯವ್ಯಕ್ಕೆ ಇರುವ ಆಳವಾದ ಕಂದರವೊಂದಕ್ಕೆ ಇಳಿದ ಡೇವಿಡ್ ನೋಬಲ್ ಎಂಬ ಉದ್ಯಾನ ಅಧಿಕಾರಿ ಯಾರೂ ಕಾಣದ ಶಂಕುಧಾರಿ ಮರಗಳನ್ನು ಕಂಡರು. ಅದೇ ವೊಲ್ಲೆಮಿ ಪೈನ್. ಕಾಡಿನಲ್ಲಿ ಬಲಿತ ಮರಗಳು ನೂರಕ್ಕಿಂತ ಕಡಿಮೆ. ಅವುಗಳ ನೆಲೆಯನ್ನು ಗುಟ್ಟಾಗಿ ಇಟ್ಟರು, ಸಸಿಗಳನ್ನು ಬೆಳೆಸಿ ಜಗತ್ತಿನ ಉದ್ಯಾನಗಳಿಗೆ ಹಂಚಿದರು. 2019-20ರ ಭೀಕರ ಕಾಳ್ಗಿಚ್ಚಿನಲ್ಲಿ ಅಗ್ನಿಶಾಮಕ ದಳದವರು ಆ ಕಂದರವನ್ನು ವಿಶೇಷವಾಗಿ ಕಾದು ಉಳಿಸಿದರು.

ನೀವೇ ನೋಡಿ

ಇವನ್ನು ನೋಡಲು ಹಿಮಾಲಯಕ್ಕೇ ಹೋಗಬೇಕಿಲ್ಲ. ಶಾಲೆ, ಕಚೇರಿಗಳ ಅಂಗಳದಲ್ಲಿ ಬೆಳೆಸುವ, ಮಕ್ಕಳು ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಳ್ಳುವ ಚಪ್ಪಟೆ ರೆಂಬೆಯ ಥೂಜಾ ಗಿಡ ಶಂಕುಧಾರಿಯೇ. ಅದರ ಪುಟ್ಟ ನೀಲಿಹಸಿರು ಶಂಕುಗಳನ್ನು ಹುಡುಕಿ. ಬೆಂಗಳೂರಿನ ಲಾಲ್‌ಬಾಗಿಗೆ ಹೋದರೆ ಎತ್ತರದ ಅರಾಕೇರಿಯ ಮರಗಳನ್ನು ಗಮನಿಸಿ. ನ್ಯೂ ಕ್ಯಾಲಿಡೋನಿಯ ಮೂಲದ ಕುಕ್ ಪೈನ್ ಎಂಬ ಅರಾಕೇರಿಯ ಜಗತ್ತಿನ ಎಲ್ಲಿ ನೆಟ್ಟರೂ ಭೂಮಧ್ಯರೇಖೆಯತ್ತ ವಾಲುತ್ತದೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಉತ್ತರಾರ್ಧದಲ್ಲಿ ದಕ್ಷಿಣಕ್ಕೆ, ದಕ್ಷಿಣಾರ್ಧದಲ್ಲಿ ಉತ್ತರಕ್ಕೆ. ಒಂದು ದಿಕ್ಸೂಚಿ ಹಿಡಿದು ನಮ್ಮ ಊರಿನ ಮರಗಳು ಈ ಮಾತನ್ನು ಪಾಲಿಸುತ್ತವೆಯೇ ಎಂದು ನೀವೇ ಪರೀಕ್ಷಿಸಬಹುದು. ಭೂಮಧ್ಯರೇಖೆಗೆ ಹತ್ತಿರವಿದ್ದಷ್ಟೂ ವಾಲುವಿಕೆ ಕಡಿಮೆ ಎಂಬುದು ನೆನಪಿರಲಿ.

ಒಣಗಿದ ಪೈನ್ ಶಂಕು ಸಿಕ್ಕರೆ ಇನ್ನೊಂದು ಪ್ರಯೋಗ. ಬಿರಿದ ಶಂಕುವನ್ನು ನೀರಿನಲ್ಲಿ ಮುಳುಗಿಸಿ ಒಂದೆರಡು ಗಂಟೆ ಬಿಡಿ. ಹುರುಪೆಗಳು ಮೆಲ್ಲನೆ ಮುಚ್ಚಿಕೊಳ್ಳುತ್ತವೆ. ಬಿಸಿಲಿಗೆ ಇಟ್ಟರೆ ಮತ್ತೆ ತೆರೆದುಕೊಳ್ಳುತ್ತವೆ. ಶಂಕು ಎಂದೋ ಸತ್ತಿದೆ, ಜೀವದ ಕೆಲಸ ಇಲ್ಲಿಲ್ಲ. ಹುರುಪೆಯ ಹೊರಪದರ ಒಳಪದರಕ್ಕಿಂತ ಹೆಚ್ಚು ನೀರು ಹೀರಿ ಹಿಗ್ಗುವುದರಿಂದ ಅದು ಬಾಗುತ್ತದೆ. ಒಣ ಹವೆಯಲ್ಲಿ ಬೀಜ ದೂರ ಹಾರಬೇಕು, ಮಳೆಯಲ್ಲಿ ಬುಡದಲ್ಲೇ ಬೀಳಬಾರದು. ಅದಕ್ಕೇ ಈ ಏರ್ಪಾಡು.

ಮುಂದಿನ ಸಲ ಅಲಂಕಾರದ ಚಪ್ಪರದಲ್ಲಿ ಗರಿಯಂತಹ ದೊಡ್ಡ ಎಲೆಗಳನ್ನು ಕಂಡರೆ ಅವು ಎಲ್ಲಿಂದ ಬಂದವು ಎಂದು ವಿಚಾರಿಸಿ. ತೋಟದಲ್ಲಿ ಬೆಳೆದ ತೆಂಗು, ಅಡಿಕೆಯ ಗರಿಗಳು ಅದೇ ಶೋಭೆಯನ್ನು ಕೊಡಬಲ್ಲವು. 36 ಕೋಟಿ ವರ್ಷಗಳ ಹಿಂದಿನಿಂದ ಬಂದ ವಂಶದ ಒಂದು ಹೆಣ್ಣು ಗಿಡ ಘಟ್ಟದ ಕಾಡಿನಲ್ಲಿ ಪರಾಗಕ್ಕಾಗಿ ಕಾಯುತ್ತಿದೆ. ಅದರ ಹತ್ತಿರದಲ್ಲಿ ಒಂದು ಗಂಡು ಗಿಡ ಉಳಿದಿರಲಿ.